ಫೋನಿನಲ್ಲಿ ಕೇಳಿದ ‘ಪರ್ವಾಗಿಲ್ಲ’

2021ರಲ್ಲಿ ನಾನು ಹಾಸನದ ಒಂದು ಆಸ್ಪತ್ರೆಯಲ್ಲಿ ಕಣ್ಣಿನ ಸರ್ಜನ್ ಆಗಿದ್ದೆ. ಲಾಕ್‌ಡೌನ್ ಸಡಿಲವಾಗಿದ್ದರೂ ಬಸ್ಸುಗಳು ಕಡಿಮೆ. ಹೀಗಾಗಿ ಆಪರೇಷನ್ ಆದವರನ್ನು ಫೋನಿನಲ್ಲೇ ವಿಚಾರಿಸುತ್ತಿದ್ದೆವು.

ಜಯಮ್ಮ ಹಿರೀಸಾವೆಯಲ್ಲಿ ರಸ್ತೆ ಬದಿ ಸಣ್ಣ ಹೋಟೆಲ್ ನಡೆಸುತ್ತಿದ್ದ ಐವತ್ತರ ಹೆಂಗಸು. ಒಬ್ಬಂಟಿ. ಸೌದೆ ಸೀಳುವಾಗ ಚಕ್ಕೆ ಸಿಡಿದು ಬಲಗಣ್ಣು ಹರಿದಿತ್ತು. ಎಡಗಣ್ಣು ಹುಟ್ಟಿನಿಂದಲೇ ಮಂದ. ಬದುಕೆಲ್ಲ ಆ ಬಲಗಣ್ಣಿನ ಮೇಲೆಯೇ ನಿಂತಿತ್ತು.

“ಒಲೆ ಮುಂದೆ ನಿಂತ್ಕಳಂಗೆ ಮಾಡ್ಕೊಡಿ ಸಾ, ಸಾಕು,” ಎಂದರು.

ಪೆಟ್ಟಾದ ಕಣ್ಣಿಗೆ ದೃಷ್ಟಿ ಎಷ್ಟು ಮರಳುತ್ತದೆ ಎಂಬುದಕ್ಕೆ ಲೆಕ್ಕಾಚಾರವಿದೆ: ಮೊದಲ ದಿನ ಎಷ್ಟು ಕಾಣುತ್ತಿತ್ತು, ಗಾಯ ಎಷ್ಟು ಹಿಂದಕ್ಕೆ ಹೋಗಿದೆ, ಸೋಂಕು ತಗುಲಿದೆಯೇ, ಕಣ್ಣಿನೊಳಗೆ ಹಿಂಬದಿಯಲ್ಲಿರುವ ರೆಟಿನಾ ಎಂಬ ತೆಳು ಪದರ ಅಂಟಿಕೊಂಡೇ ಇದೆಯೇ. ಜಯಮ್ಮ ಮೂರಡಿ ದೂರದಿಂದ ಬೆರಳೆಣಿಸಿದರು, ರೆಟಿನಾ ಸರಿಯಿತ್ತು. ಹೊಲಿಗೆ ಹಾಕಿದೆ. ಒಳಗೊಳಗೇ ಬೀಗಿದೆ ಕೂಡ.

ಎರಡು ವಾರದ ಮೇಲೆ ಫೋನ್ ಮಾಡಿ, “ಹೇಗಿದೆಯಮ್ಮ ಕಣ್ಣು?” ಎಂದೆ.

“ಪರ್ವಾಗಿಲ್ಲ ಸಾ.”

ಸರಿ, ಮುಂದಿನ ತಿಂಗಳು ಬನ್ನಿ ಎಂದು ಇಟ್ಟುಬಿಟ್ಟೆ. ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದವನು ನಾನು. ನಮ್ಮಲ್ಲಿ ಜ್ವರ ಬಂದು ನಡುಗುತ್ತಿರುವವರೂ ಹಾಗೆಯೇ ಅನ್ನುತ್ತಾರೆಂದು ಗೊತ್ತಿರಬೇಡವೇ? ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ತಿಂಗಳ ಮೇಲೆ ಗೋಡೆ ಸವರಿಕೊಂಡು ಒಳಗೆ ಬಂದರು. ರೆಟಿನಾ ಪೂರ್ತಿ ಕಳಚಿ ಮುದುಡಿತ್ತು.

“ಅವತ್ತು ಪರವಾಗಿಲ್ಲ ಅಂದಿರಲ್ಲಮ್ಮ?”

“ಆಗ್ಲೇ ಕರೀ ಪರದೆ ಇಳ್ದಂಗಾಗಿತ್ತು ಸಾ. ನೀವಾಗೇ ಫೋನ್ ಮಾಡಿ ಇಚಾರುಸ್ತಿದ್ದೀರಿ, ಚೆನ್ನಾಗಿಲ್ಲ ಅಂತ ಎಂಗನ್ನದು? ಹೋಟ್ಲು ಮುಚ್ದಾಗ್ನಿಂದ ನನ್ನ ಮಾತಾಡ್ಸಿದ್ದು ನೀವೊಬ್ರೇ ಕಣಪ್ಪ.”

ಬೆಂಗಳೂರಿಗೆ ಕಳಿಸಿ ರೆಟಿನಾ ಆಪರೇಷನ್ ಮಾಡಿಸಿದೆವು. ಬೆಳಕು ಗೊತ್ತಾಗುವಷ್ಟು ಉಳಿಯಿತು, ಅಷ್ಟೇ. ಅವರು ಮತ್ತೆ ಒಲೆ ಹಚ್ಚಲಿಲ್ಲ. ತಪ್ಪು ನನ್ನದೆಂದು ಅವರೆದುರೇ ಹೇಳಿದೆ.

“ಬುಡಿ ಸಾ,” ಎಂದರು. “ಮನೇಲಿ ಇನ್ನೊಂದು ಜೀವ ಇದ್ದಿದ್ರೆ ಎಳ್ಕಂಡು ಬಂದಿರೋರು.”

ಕೆಟ್ಟ ಮೇಲೆ ಬುದ್ಧಿ ಬಂತು. ಆಮೇಲೆ ನಿವೃತ್ತನಾಗುವವರೆಗೂ ನಾನು ಯಾರನ್ನೂ ‘ಹೇಗಿದೆ’ ಎಂದು ಕೇಳಲಿಲ್ಲ. ‘ಚೆನ್ನಾಗಿರುವ ಕಣ್ಣು ಮುಚ್ಚಿಕೊಂಡು ಕ್ಯಾಲೆಂಡರ್ ಓದಿ’ ಎನ್ನುತ್ತಿದ್ದೆ. ಕೇಸ್ ಶೀಟಿನಲ್ಲಿ ಗಾಯದ ಅಳತೆಗಿಂತ ಮೊದಲು ಒಂದು ಪ್ರಶ್ನೆ ಸೇರಿಸಿದೆ: ಮನೆಯಲ್ಲಿ ಯಾರಿದ್ದಾರೆ? ಯಾವ ಪಠ್ಯಪುಸ್ತಕವೂ ನನಗೆ ಅದನ್ನು ಕಲಿಸಿರಲಿಲ್ಲ.

ಈ ವರ್ಷ ನನ್ನದೇ ಕಣ್ಣಿನ ಪೊರೆ ತೆಗೆಸಲು ಅದೇ ಆಸ್ಪತ್ರೆಗೆ ಹೋದೆ. ಹೊಸ ನರ್ಸ್ ಹುಡುಗಿ ಶೀಟ್ ನೋಡಿಕೊಂಡು ಅದನ್ನೇ ಕೇಳಿದಳು.

“ಯಾರೂ ಇಲ್ಲಮ್ಮ. ನೀನೇ ಫೋನ್ ಮಾಡು.”