ಹೆಬ್ಬೆರಳಿನ ತೂತು

ಮೊನ್ನೆ ಶಹಾಪುರದ ಬಜಾರಿನಲ್ಲಿ ಹೆಂಡತಿಯ ಹಿಂದೆ ಒಂದು ಬಳೆ ಅಂಗಡಿಯ ಮುಂದೆ ನಿಂತಿದ್ದೆ. ಗಂಡಸರು ಬಳೆ ಅಂಗಡಿಯ ಮುಂದೆ ಹೇಗೆ ನಿಲ್ಲುತ್ತಾರೆಂದು ನಿಮಗೆ ಗೊತ್ತೇ ಇದೆ. ಅಂಗಡಿಗೂ ತಮಗೂ ಸಂಬಂಧವೇ ಇಲ್ಲ ಎಂಬಂತೆ ರಸ್ತೆಯ ಕಡೆ ಮುಖ ಮಾಡಿ. ಅಷ್ಟರಲ್ಲಿ ಭತ್ತದ ಗದ್ದೆಯಿಂದ ನೇರವಾಗಿ ಬಂದಿದ್ದ ಒಬ್ಬ ಹೆಣ್ಣುಮಗಳು ಕೈ ಚಾಚಿದಳು. ಸೀರೆಯ ಅಂಚಿನಲ್ಲಿ ಕೆಸರು ಇನ್ನೂ ಒಣಗಿರಲಿಲ್ಲ. ಬಳೆ ಮಾರುವ ಮುದುಕಿ ಆ ಕೈ ಹಿಡಿದು, ಹೆಬ್ಬೆರಳಿನ ಬುಡವನ್ನು ಒತ್ತಿ ನೋಡಿ, ಬಿಟ್ಟುಬಿಟ್ಟಳು.

"ಇವತ್ತ ಬ್ಯಾಡ ಯವ್ವಾ. ನಾಟಿ ಮುಗದು ಎಂಟು ದಿನ ಆದಮ್ಯಾಲ ಬಾ. ನೀರಾಗ ನಿಂತು ನಿಂತು ಕೈ ಬಾತಾವ. ಇವತ್ತಿನ ಅಳತಿಗೆ ಬಳಿ ಇಟ್ರ ನಾಳೆ ತಾವೇ ಜಾರಿ ಬೀಳ್ತಾವ."

ನಾನು ರಸ್ತೆ ಬಿಟ್ಟು ಆ ಕೈಯನ್ನೇ ನೋಡತೊಡಗಿದೆ. ಇಪ್ಪತ್ತು ವರ್ಷಗಳ ಹಿಂದೆ ನಾನು ಅಂಥದೇ ಒಂದು ಕೈಯ ಅಳತೆ ತೆಗೆದುಕೊಂಡಿದ್ದೆ. ಅದೂ ನಾಟಿಯ ಕಾಲದಲ್ಲಿ, ಗದ್ದೆಯ ಬದುವಿನ ಮೇಲೆ ಕೂತು.

ಈಗ ನಾನು ಇದೇ ಊರಿನಲ್ಲಿ ಲೇಥ್ ಯಂತ್ರ ಇಟ್ಟುಕೊಂಡು ಪಂಪಿನ ಶಾಫ್ಟು ಸರಿಮಾಡುವವನು. ಹರೆಯದಲ್ಲಿ ಹೈದರಾಬಾದಿನ ಒಂದು ಬೌಲಿಂಗ್ ಹಾಲಿನಲ್ಲಿ ಚೆಂಡಿಗೆ ತೂತು ಕೊರೆಯುವ ಕೆಲಸದಲ್ಲಿದ್ದೆ. ನಗಬೇಡಿ, ಅಂಥದೊಂದು ಕೆಲಸ ಇದೆ. ಉದ್ದನೆಯ ಮರದ ಹಾದಿಯ ಮೇಲೆ ಭಾರದ ಚೆಂಡು ಉರುಳಿಸಿ ಆ ತುದಿಯ ಹತ್ತು ಗೂಟ ಬೀಳಿಸುವುದು ಆಟ. ಚೆಂಡು ಹಿಡಿಯಲು ಎರಡು ಬೆರಳಿಗೆ ಎರಡು ತೂತು, ಹೆಬ್ಬೆರಳಿಗೆ ಒಂದು. ಚೆನ್ನಾಗಿ ಆಡುವವರು ಬೇರೆಯವರ ಚೆಂಡು ಮುಟ್ಟುವುದಿಲ್ಲ. ತಮ್ಮ ಕೈಯ ಅಳತೆ ಕೊಟ್ಟು ಕೊರೆಸಿಕೊಳ್ಳುತ್ತಾರೆ. ನನಗೆ ಈ ಕೆಲಸ ಕಲಿಸಿದ ಉಸ್ತಾದರು ಮೊದಲ ದಿನವೇ ಹೇಳಿದ್ದರು: "ಪೈಲೆ ಹಾತ್ ದೇಖ್, ಗೋಲಾ ಬಾದ್ ಮೆ." ಮೊದಲು ಕೈ ನೋಡು, ಚೆಂಡು ಆಮೇಲೆ. ತಲೆ ಅಲ್ಲಾಡಿಸಿದ್ದೆ. ತಲೆ ಅಲ್ಲಾಡಿಸುವುದರಲ್ಲಿ ನಾನು ಮೊದಲಿನಿಂದಲೂ ಜಾಣ.

ನಾನು ಅಳತೆ ತೆಗೆದ ಕೈ ದೇವಮ್ಮನದು. ಅದೇ ಬೌಲಿಂಗ್ ಹಾಲಿನಲ್ಲಿ ಆಡಲು ಬಂದವರಿಗೆ ಶೂ ಕೊಡುತ್ತಿದ್ದಳು. ಶಹಾಪುರದ ಪಕ್ಕದ ಹಳ್ಳಿಯವಳು. ಕಾಲುವೆ ಬಂದ ಮೇಲೆ ಜೋಳದ ಹೊಲಗಳೆಲ್ಲ ಗದ್ದೆಗಳಾದಾಗ ತಾಯಿಯ ಜೊತೆ ನಾಟಿಯ ಗುಂಪಿನಲ್ಲಿ ಬೆಳೆದವಳು. ಗುಂಪಿನಲ್ಲಿ ಸಸಿಯ ಕಟ್ಟುಗಳನ್ನು ಬದುವಿನಿಂದ ಗದ್ದೆಯೊಳಗೆ ಎಸೆಯುವ ಕೆಲಸ ಅವಳದು. ಯಾರ ಮುಂದೆ ಬೀಳಬೇಕೋ ಅವರ ಮುಂದೆಯೇ ಕಟ್ಟು ಬೀಳುತ್ತಿತ್ತಂತೆ. ಬೆಳಿಗ್ಗೆ ಆಟಗಾರರು ಬರುವ ಮುಂಚೆ ಅವಳು ಚೆಂಡು ಉರುಳಿಸುವುದನ್ನು ಮೊದಲ ಸಲ ನೋಡಿದಾಗ ಆ ಮಾತು ನಿಜವೆನ್ನಿಸಿತು. ಭುಜದಿಂದ ಇಳಿದು ಬಂದ ಕೈ, ಒಂದಿಷ್ಟೂ ಅವಸರವಿಲ್ಲ. ಅಲ್ಲಿಗೆ ಬರುತ್ತಿದ್ದ ವಯಸ್ಸಾದ ಆಟಗಾರರೊಬ್ಬರು ಆಟ ಬಿಡುವಾಗ ತಮ್ಮ ಚೆಂಡನ್ನು ಅವಳಿಗೇ ಕೊಟ್ಟು ಹೋದರು. ಹಳೆಯ ತೂತು ಮುಚ್ಚಿ ಹೊಸದಾಗಿ ಕೊರೆಯಬೇಕಿತ್ತು. ರಾಜ್ಯದ ಹೆಣ್ಣುಮಕ್ಕಳ ತಂಡಕ್ಕೆ ಆಯ್ಕೆ ಹತ್ತಿರ ಬಂದಿತ್ತು. ಆಯ್ಕೆಯಾದರೆ ಆಟ ಕಲಿಸುವ ಕೆಲಸ ಕೊಡುವುದಾಗಿ ಬೌಲಿಂಗ್ ಹಾಲಿನ ಮಾಲೀಕರು ಮಾತು ಕೊಟ್ಟಿದ್ದರು. ಮಂದಿಯ ಕಾಲ ಮುಂದೆ ಬಗ್ಗುವುದು ಅಲ್ಲಿಗೆ ಮುಗಿಯುತ್ತಿತ್ತು.

ಆದರೆ ಆಯ್ಕೆಗೆ ಮುಂಚೆ ನಾಟಿ ಬಂತು. ತಾಯಿಯ ಗುಂಪಿನಲ್ಲಿ ಒಬ್ಬರು ಕಡಿಮೆ ಬಿದ್ದರು, ದೇವಮ್ಮ ಊರಿಗೆ ಹೋದಳು. ಉಸ್ತಾದರು ರಜೆಯಲ್ಲಿದ್ದರು, ಅವರಿಲ್ಲದಾಗ ಯಂತ್ರ ಮುಟ್ಟುವಂತಿರಲಿಲ್ಲ. ಶಹಾಪುರದಲ್ಲಿ ನಮ್ಮ ಸೋದರಮಾವನ ಲೇಥ್ ಅಂಗಡಿ ಇತ್ತು, ಅಲ್ಲೇ ಕೊರೆದರಾಯಿತು ಎಂದು ಚೆಂಡನ್ನು ಚೀಲಕ್ಕೆ ಹಾಕಿಕೊಂಡು ರೈಲು ಹತ್ತಿದೆ. ಯಾದಗಿರಿಯಲ್ಲಿ ಇಳಿದು ಬಸ್ಸು ಹತ್ತಿದರೆ ಕಂಡಕ್ಟರ್ ಚೀಲ ಎತ್ತಿ ನೋಡಿ, "ಇದೇನ್ರಿ, ಸುರಪುರದ ಕ್ವಾಟಿದಾಗಿನ ತೋಪಿನ ಗುಂಡೇನು?" ಎಂದ. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಒಳಗೊಳಗೆ ನನಗೆ ನನ್ನ ಮೇಲೆ ಬಹಳ ಹೆಮ್ಮೆ ಇತ್ತು.

ಚೆಂಡು ಹೊರಗೆ ಕಂಡಷ್ಟು ಸರಳವಲ್ಲ. ಒಳಗೊಂದು ಭಾರದ ತಿರುಳು ಇರುತ್ತದೆ. ಅದರ ತಲೆ ಎಲ್ಲಿದೆ ಎಂದು ಮೇಲಿನ ಒಂದು ಬಣ್ಣದ ಚುಕ್ಕೆ ಹೇಳುತ್ತದೆ. ಆ ಚುಕ್ಕೆಗೆ ಎಷ್ಟು ದೂರದಲ್ಲಿ, ಯಾವ ಮಗ್ಗುಲಿಗೆ ತೂತುಗಳು ಬೀಳುತ್ತವೆ ಎಂಬುದರ ಮೇಲೆ ಚೆಂಡು ಎಲ್ಲಿ ತಿರುಗುತ್ತದೆ, ಎಷ್ಟು ತಿರುಗುತ್ತದೆ ಎಂಬುದು ನಿಂತಿದೆ. ಇನ್ನು ಮೈ. ಮರದ ಹಾದಿಗೆ ಎಣ್ಣೆ ಸವರಿರುತ್ತಾರೆ. ಮೈ ನುಣುಪಾಗಿ ಹೊಳೆದರೆ ಚೆಂಡು ಎಣ್ಣೆಯ ಮೇಲೆ ಜಾರುತ್ತ ದೂರ ಹೋಗಿ ಕೊನೆಯಲ್ಲಿ ಥಟ್ಟನೆ ತಿರುಗುತ್ತದೆ. ಮರಳು ಕಾಗದದಿಂದ ಉಜ್ಜಿ ಒರಟು ಮಾಡಿದರೆ ಬೇಗನೆ ಹಾದಿ ಹಿಡಿದು ಸಾವಕಾಶ ಹೊರಳುತ್ತದೆ. ಮೂರು ದಿನ ಮಾವನ ಅಂಗಡಿಯಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆಯುವುದು, ಅಳಿಸುವುದು ಇದೇ ಮಾಡಿದೆ. ನನಗೆ ಹೊಳೆಯುವ ಚೆಂಡೇ ಬೇಕಿತ್ತು. ಕೊನೆಗೆ ಥಟ್ಟನೆ ತಿರುಗಿದಾಗ ನೋಡುವವರು ಬಾಯಿ ತೆರೆಯಬೇಕು, ಕೊರೆದವರು ಯಾರೆಂದು ಕೇಳಬೇಕು.

ನಾಲ್ಕನೆಯ ದಿನ ಗದ್ದೆಗೆ ಹೋಗಿ ಅದನ್ನೇ ಹೇಳಿದೆ. ದೇವಮ್ಮ ಮೊಣಕಾಲ ತನಕ ಕೆಸರಿನಲ್ಲಿ ನಿಂತೇ ಕೇಳಿದಳು.

"ಬ್ಯಾಡ್ರಿ ಅಣ್ಣಾರ. ಹೊಳಪು ಬ್ಯಾಡ. ಎಲ್ಲಿ ತಿರಗ್ತದ ಅಂಬೋದು ನನಗ ಮೊದಲೇ ಗೊತ್ತಿರಬೇಕು. ಮೆಲ್ಲಕ ಹೋಗಲಿ, ಖರೇ ಹೋಗಲಿ."

ಅವಳು ಹೇಳಿದ್ದೇ ಸರಿ ಎಂದು ನನಗೂ ಅನ್ನಿಸಿತು. ಒಪ್ಪಿಕೊಂಡೆ. ಅವಳು ಕಾಲುವೆಯ ನೀರಲ್ಲಿ ಕೈ ತೊಳೆದು ಸೀರೆಗೆ ಒರೆಸಿಕೊಂಡು ಬದುವಿನ ಮೇಲೆ ಕೂತಳು. ನಾನು ಅಳತೆ ತೆಗೆದೆ. ಬೆರಳ ತುದಿಗಳ ಚರ್ಮ ಬೆಳ್ಳಗೆ ಸುಕ್ಕಾಗಿತ್ತು, ಗೆಣ್ಣುಗಳು ದಪ್ಪವಾಗಿದ್ದವು. ಅದನ್ನೆಲ್ಲ ಕಣ್ಣಾರೆ ನೋಡಿದೆ. ಕಣ್ಣು ನೋಡಿತು, ತಲೆಗೆ ಹೋಗಲಿಲ್ಲ. ಚುಕ್ಕೆಗೆ ಮೂರು ದಿನ ಕೊಟ್ಟವನು ಕೈಗೆ ಕೊಟ್ಟದ್ದು ಒಂದು ಬೀಡಿ ಸೇದುವಷ್ಟು ಹೊತ್ತು.

ಅಂದೇ ಕೊರೆದು, ಒರಟಾಗಿ ಉಜ್ಜಿ, ಮರುದಿನ ತೋರಿಸಿದೆ. ಹೆಬ್ಬೆರಳು ಅಳೆದಿಟ್ಟಂತೆ ಕೂತಿತು. ಅದಕ್ಕಿಂತ ಚೆಂದದ ಕೆಲಸವನ್ನು ನಾನು ಮಾಡಿರಲಿಲ್ಲ.

ಆರು ದಿನಗಳ ನಂತರ ಹೈದರಾಬಾದಿನಲ್ಲಿ, ಆಯ್ಕೆಯ ದಿನ ಬೆಳಿಗ್ಗೆ, ಏಸಿಯಿಂದ ತಣ್ಣಗಿದ್ದ ಬೌಲಿಂಗ್ ಹಾಲಿನಲ್ಲಿ ನಾಲ್ಕು ಸಲ ಚೆಂಡು ಉರುಳಿಸಿ ನೋಡಿ ಅವಳು ನನ್ನ ಬಳಿ ಬಂದಳು.

"ಅಣ್ಣಾರ, ಹೆಬ್ಬಟ್ಟು ಸಡ್ಲ ಆಗ್ಯಾದ್ರಿ. ಜಾರಾಕತ್ತದ."

ತೂತಿನೊಳಗೆ ಒಂದು ಚೂರು ಟೇಪು ಅಂಟಿಸಿದ್ದರೆ ಸಾಕಿತ್ತು. ಗಿರಾಕಿಗಳಿಗೆ ದಿನವೂ ಅಂಟಿಸುತ್ತಿದ್ದೆ, ಜೇಬಿನಲ್ಲೂ ಇತ್ತು. ಆದರೆ ನನ್ನ ಆ ಕೆಲಸಕ್ಕೆ ಟೇಪೇ? ಹೊಸ ಸೀರೆಗೆ ತೇಪೆ ಹಚ್ಚು ಅಂದಂತಾಯಿತು ನನಗೆ.

"ತೂತು ಬರೋಬ್ಬರಿ ಅದ. ನೀ ಅಂಜಿದಿ, ಅದಕ್ಕ ಹಂಗ ಅನಸ್ತದ. ನಾಕು ಮಂದಿ ಮುಂದ ನಿಂತ್ರ ಎಲ್ಲಾರಿಗೂ ಹಂಗೇ ಆಗ್ತದ. ಹೋಗು, ಧೈರ್ಯ ಮಾಡು" ಎಂದೆ.

ಅವಳು ನನ್ನ ಮುಖ ನೋಡಿದಳು, ತನ್ನ ಹೆಬ್ಬೆರಳನ್ನು ನೋಡಿಕೊಂಡಳು, ಹೋದಳು. ಜಾರದಿರಲೆಂದು ಬಿಗಿಯಾಗಿ ಹಿಡಿದಳು. ಹಿಡಿದ ಕೈಯಿಂದ ಚೆಂಡು ಒಮ್ಮೆ ತಡವಾಗಿ ಬಿಟ್ಟಿತು, ಒಮ್ಮೆ ಕಾಲ ಬುಡದಲ್ಲೇ ಧೊಪ್ಪೆಂದು ಬಿತ್ತು. ಯಾರೋ ನಕ್ಕರು. ಆಯ್ಕೆಯಾದವರ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ತಿಂಗಳೊಳಗೆ ಕೆಲಸ ಬಿಟ್ಟು ಊರಿಗೆ ಹೋದಳು. "ಪಾಪ, ಅಂಜುಬುರುಕಿ" ಎಂದು ನಾನು ಎಷ್ಟು ಜನರ ಮುಂದೆ ಹೇಳಿದೆನೋ ಲೆಕ್ಕವಿಲ್ಲ. ನಂಬಿಯೇ ಹೇಳಿದ್ದೆ, ಅದೇ ನಾಚಿಕೆ.

ಬಳೆಯ ಮುದುಕಿಗೆ ಗೊತ್ತಿದ್ದದ್ದು, ಈ ನೆಲದಲ್ಲೇ ಹುಟ್ಟಿದ ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂದರೂ ತಪ್ಪು ಅರ್ಧದಷ್ಟೇ ಇಳಿಯುತ್ತದೆ. ಹೇಳಿದವಳ ಮಾತು ಕೇಳಲಿಲ್ಲವಲ್ಲ, ಆ ಅರ್ಧಕ್ಕೆ ಏನು ಮಾಡಲಿ?

ವಿಚಾರಿಸಿದಾಗ ದೇವಮ್ಮ ಸೈದಾಪುರದಲ್ಲಿದ್ದಾಳೆಂದು ತಿಳಿಯಿತು. ಕಡೇಚೂರಿನ ಒಂದು ಕಾರ್ಖಾನೆಯಲ್ಲಿ ಕೆಲಸ. ರವಿವಾರ ಹುಡುಕಿಕೊಂಡು ಹೋದೆ. ಕೂದಲು ಅರ್ಧ ನರೆತಿತ್ತು. ಗುರುತು ಹಿಡಿದು, "ಬರ್ರಿ ಅಣ್ಣಾರ" ಎಂದು ಕುರ್ಚಿ ಹಾಕಿದಳು, ನೀರು ಕೊಟ್ಟಳು. ನಾನು ನೀರು ಕುಡಿಯದೆ ಬಾತ ಕೈಯ ವಿಷಯ ಹೇಳಿ ಮುಗಿಸಿದೆ.

ಅವಳು ತನ್ನ ಹೆಬ್ಬೆರಳಿನ ಬುಡವನ್ನು ಇನ್ನೊಂದು ಕೈಯಿಂದ ಒತ್ತಿ ನೋಡಿಕೊಂಡಳು.

"ಹಂಗಾರ ನಾ ಅಂಜಿದ್ದಿಲ್ಲೇನ್ರಿ?"

"ಇಲ್ಲವ್ವಾ."

"ಕಾರ್ಖಾನಿದಾಗ ಹತ್ತು ಮಂದಿ ಮ್ಯಾಲ ಮೇಸ್ತ್ರಿ ಆಗಂತ ಎರಡು ಸಲ ಕರದ್ರು. ಮಂದಿ ಮುಂದ ನಿಂತ್ರ ನನ್ನ ಕೈ ನಿಲ್ಲಂಗಿಲ್ಲ ಅಂತ ನಾನೇ ಬ್ಯಾಡ ಅಂದೀನಿ. ಹೋದ ವಾರ ಕಾಲೇಜಿನಾಗ ಭಾಷಣ ಮಾಡಂತ ನನ್ನ ಮಗಳಿಗೆ ಅಂದ್ರ, ಬ್ಯಾಡವ್ವಾ, ಅಂಜಿಕಿ ನಮ್ಮ ರಕ್ತದಾಗೇ ಅದ ಅಂತ ಹೇಳಿ ಬಿಡಿಸೀನ್ರಿ."

ಅಂದು ಅವಳಿಗೆ ತಪ್ಪಿದ್ದು ತಂಡದ ಜಾಗ ಒಂದೇ ಎಂದುಕೊಂಡು ಬಂದಿದ್ದೆ ನಾನು.

ಅವಳು ಒಳಕೋಣೆಯ ಕಡೆ ತಿರುಗಿ ಮಗಳನ್ನು ಕರೆದಳು. ಹುಡುಗಿ ಪುಸ್ತಕ ಹಿಡಿದೇ ಬಂದು ಬಾಗಿಲಲ್ಲಿ ನಿಂತಳು.

"ಕುಂಡ್ರು. ಇವರು ಏನಂತಾರ ಕೇಳು" ಎಂದು ಅವಳಿಗೆ ಹೇಳಿ, ದೇವಮ್ಮ ನನ್ನ ಕಡೆ ನೋಡಿದಳು. "ಹೇಳ್ರಿ ಅಣ್ಣಾರ. ಈಕಿ ಮುಂದ ಹೇಳ್ರಿ."

ಕುರ್ಚಿಯ ಮೇಲೆ ಕೂತು ಆ ಮಾತು ಹೇಳಲು ಆಗಲಿಲ್ಲ. ಇಳಿದು ಕೆಳಗೆ ಕೂತೆ.

"ಅವತ್ತ ನಿಮ್ಮವ್ವ ಅಂಜಿದ್ದಿಲ್ಲ ತಂಗಿ," ಎಂದೆ. "ತೂತು ಸಡ್ಲಿತ್ತು. ಕೊರದವ ನಾನು."