ಕ್ಯಾರಿಯರ್ ಕೂರದ ಕಾರು

ಈ ಬೆಳಿಗ್ಗೆ ಗುಜರಿಯವನು ಬಂದು ಹಿತ್ತಿಲಲ್ಲಿ ಬಿದ್ದಿದ್ದ, ಕಾರಿನ ತಲೆಯ ಮೇಲೆ ಸಾಮಾನು ಕಟ್ಟುವ ಕಬ್ಬಿಣದ ಕ್ಯಾರಿಯರನ್ನು ಕಾಲಿನಿಂದ ತಟ್ಟಿ, “ಅಜ್ಜಿ, ತುಕ್ಕು ತಿಂದದ, ಕೊಟ್ಬುಡಿ” ಎಂದ. ಅವನಿಗೇನು ಗೊತ್ತು? ಅದನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಅದರ ಮೇಲಲ್ಲ, ಅದಕ್ಕೆ ಜಾಗವಿಲ್ಲದ ಕಾರು ಮಾಡಿದವರ ಮೇಲೆ.

ನನ್ನ ಯಜಮಾನರು ರಾಮಾಪುರದಿಂದ ಕೊಳ್ಳೇಗಾಲಕ್ಕೆ ಬಾಡಿಗೆ ಕಾರು ಓಡಿಸುತ್ತಿದ್ದರು. ಹಳೆಯ ಕಾರಿನ ತಲೆಯ ಸುತ್ತ ಮಳೆನೀರು ಇಳಿಯಲು ತಗಡಿನ ಅಂಚೊಂದಿತ್ತು. ಅದಕ್ಕೆ ಕ್ಯಾರಿಯರ್ ಕಚ್ಚಿಸಿ, ಮೇಲೆ ನಮ್ಮ ರೇಷ್ಮೆ ಗೂಡಿನ ಚೀಲಗಳನ್ನು ಸಡಿಲವಾಗಿ ಕಟ್ಟಿದರೆ ಗಾಳಿಯಾಡಿಕೊಂಡು ಮಾರುಕಟ್ಟೆ ಸೇರುತ್ತಿದ್ದವು. ಗೂಡಿನೊಳಗೆ ಹುಳು ಜೀವಂತ ಇರುತ್ತದೆ ಸ್ವಾಮಿ. ಬೆವರಿತೋ, ಕೆಟ್ಟಿತು. ಇದು ಎರಡನೇ ಕ್ಲಾಸು ದಾಟದ ನನಗೆ ಗೊತ್ತು, ಅಷ್ಟೆಲ್ಲ ಓದಿ ಕಾರು ಮಾಡುವವರಿಗೆ ಗೊತ್ತಿಲ್ಲ. ಅಂದಕ್ಕೆ ಅಂತ ಆ ಅಂಚನ್ನೇ ಕಿತ್ತುಹಾಕಿ ಕೋಳಿಮೊಟ್ಟೆಯಂಥ ಹೊಸ ಕಾರು ಬಿಟ್ಟರು.

ನಮ್ಮವರು ಹಳೆಯದನ್ನು ಕೊಟ್ಟು ಅದನ್ನೇ ತಂದರು. ಮಾರನೆಯ ವಾರ ಗೂಡು ಬಿಡಿಸಿ, ಮಾರಲು ಇಬ್ಬರೂ ಹೊರಟೆವು. ಕ್ಯಾರಿಯರ್ ಎತ್ತಿಟ್ಟರೆ ಜಾರಿ ನೆಲಕ್ಕೆ.

“ಕೊಂಡ್ಕಳಾಗ ಒಂದ್ಸಲ ಅದ್ರ ತಲೆ ಮ್ಯಾಲೆ ನೋಡ್ನಿಲ್ವಾ?” ಎಂದೆ.

“ಒಂದೂವರೆ ಗಂಟೆ ದಾರಿ ಕಣಮ್ಮಿ, ಡಿಕ್ಕೀಲಿ ಮಡುಗು” ಎಂದರು.

ಹನೂರಿನಲ್ಲಿ ಟೀ ಅಂಗಡಿ ಮುಂದೆ ನಿಲ್ಲಿಸಿದರು. ಹೊಸ ಕಾರು ತೋರಿಸದೆ ಮುಂದೆ ಹೋದರೆ ಗಂಡಸರ ಮರ್ಯಾದೆ ಏನಾಗಬೇಕು! ಅಲ್ಲಿದ್ದ ಡ್ರೈವರುಗಳೆಲ್ಲ ಬಾನೆಟ್ ಎತ್ತಿಸಿ, ಹಾರನ್ ಒತ್ತಿ, ಕಂಪನಿಯವರು ಎದುರಿಗೇ ನಿಂತಿದ್ದಾರೇನೋ ಎಂಬಂತೆ ತೀರ್ಪು ಕೊಡತೊಡಗಿದರು.

“ಅಳೇದು ಎಮ್ಮೆ ಕಣ್ಲಾ, ಇದು ಜಿಂಕೆ.”

“ಎಮ್ಮೆ ಆಲು ಕೊಡ್ತದ. ನಿನ್ ಜಿಂಕೆ ಏನ್ಲಾ ಕೊಟ್ಟದು?”

“ಲೈಟ್ ನೋಡ್ಲಾ, ಸಿನಿಮಾ ಹೆಣ್ಣಿನ ಕಣ್ಣಂಗವೆ!”

ಬಂಪರಿಗೊಂದು, ಗೇರಿಗೊಂದು ಜಗಳವೇ ಆಯಿತು. ಬಿಸಿಲಲ್ಲಿ ಮುಚ್ಚಿಕೊಂಡಿದ್ದ ಡಿಕ್ಕಿಯ ಮಾತನ್ನು ಒಬ್ಬನೂ ಎತ್ತಲಿಲ್ಲ.

ಕೊಳ್ಳೇಗಾಲದಲ್ಲಿ ಡಿಕ್ಕಿ ತೆಗೆದಾಗ ಮೊದಲು ಇಳಿದದ್ದು ವಾಸನೆ. ಗೂಡು ಕೊಳ್ಳಲು ಬಂದಾತ ಚೀಲದೊಳಗೆ ಕೈ ಹಾಕಿ, ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು, “ಬೆಂದೋಗವೆ ಕಣಮ್ಮ” ಎಂದು ಮುಂದಕ್ಕೆ ಹೋದ. ತಿಂಗಳಿಡೀ ಸೊಪ್ಪು ಕೊಯ್ದು ಹಾಕಿ ಸಾಕಿದ ಹುಳು! ನಮ್ಮವರು ಆಗಲೂ ಕಾರಿನ ಧೂಳು ಒರೆಸುತ್ತಿದ್ದರು.

ಇಷ್ಟು ವರ್ಷ ಕಂಪನಿಯನ್ನೂ ಬೈದೆ, ನಮ್ಮವರನ್ನೂ ಬೈದೆ. ಇನ್ನೂ ಬೈಯುತ್ತೇನೆ, ತಪ್ಪು ತಪ್ಪೇ. ಆದರೆ ಈ ಬೆಳಿಗ್ಗೆ ಒಂದು ನೆನಪಾಯಿತು, ನಿಮಗೆ ಹೇಳಿಬಿಡುತ್ತೇನೆ. ಹನೂರಿನಲ್ಲಿ ಆ ಅರ್ಧ ಗಂಟೆ ನಾನೂ ಕೆಳಗಿಳಿಯಲಿಲ್ಲ. ಡಿಕ್ಕಿ ತೆಗೆಯಿರಿ ಎನ್ನಲಿಲ್ಲ. ಹಳೆಯ ಕಾರಿನ ಸೀಟು ಸೊಂಟಕ್ಕೆ ಚುಚ್ಚುತ್ತಿತ್ತು, ಇದು ಮೆತ್ತಗಿತ್ತು. ನೋಡುವವರು ನೋಡಲಿ ಎಂದು ಒರಗಿಕೊಂಡು ಕುಳಿತಿದ್ದೆ.

ಗುಜರಿಯವನಿಗೆ ಒಡೆದ ಬಕೆಟ್ಟು ಕೊಟ್ಟು ಕಳಿಸಿದೆ. ಕ್ಯಾರಿಯರನ್ನು ಎಳೆದು ತಂದು ನೆರಳಲ್ಲಿ ನಾಲ್ಕು ಕಲ್ಲಿನ ಮೇಲೆ ಕೂರಿಸಿದ್ದೇನೆ. ನಾಳೆ ಗೂಡು ಬಿಡಿಸುವುದಿದೆ, ಚೀಲಗಳನ್ನು ಅದರ ಮೇಲೆ ಇಡಬೇಕು. ಕೆಳಗಿನಿಂದ ಗಾಳಿ ಚೆನ್ನಾಗಿ ಬರುತ್ತದೆ.