ಮೂಗು ಹೋದ ಕಾಫಿ ಟೇಸ್ಟರ್

ನಮ್ಮ ಮನೆಯವರು ಒಣ ಸಿಗಡಿ ಹುರಿಯುತ್ತಿದ್ದರು. ನಾನು ಒಲೆಯ ಪಕ್ಕದಲ್ಲೇ ಕೂತು, "ಏನ್ ಮಾಡ್ತಿದ್ದೀರಿ, ಅವಲಕ್ಕಿನಾ?" ಎಂದು ಕೇಳಿದೆ.

ಅವರು ಸೌಟು ಹಿಡಿದುಕೊಂಡೇ ತಿರುಗಿ ನನ್ನ ಮುಖ ನೋಡಿದರು. ಸಿಗಡಿ ಹುರಿದರೆ ಬೀದಿಯ ಕೊನೆಯ ಮನೆಯ ಬೆಕ್ಕೂ ಬರುತ್ತದೆ. ಆ ಹೊತ್ತಿಗೆ ಅದು ಬಂದೂ ಆಗಿತ್ತು.

ನನಗೆ ಏನೂ ಗೊತ್ತಾಗಲಿಲ್ಲ.

ಮೂರು ದಿನದ ಶೀತ, ಅಷ್ಟೇ. ಕೋವಿಡ್ ಟೆಸ್ಟ್ ನೆಗೆಟಿವ್. ಊರಿಗೆಲ್ಲ ಬಂದು ಹೋಗುವ ಬಡಪಾಯಿ ವೈರಸ್ಸು. ಬೇರೆಯವರಾಗಿದ್ದರೆ ನಾಲ್ಕು ಸಲ ಸೀನಿ ಮರೆಯುತ್ತಿದ್ದರು. ಆದರೆ ನಾನು ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿ ಟೇಸ್ಟರ್. ತೋಟಗಳಿಂದ ಬಂದ ಕಾಫಿಯನ್ನು ಹುರಿದು, ಪುಡಿ ಮಾಡಿ, ಕುದಿನೀರು ಹಾಕಿ, ಚಮಚದಲ್ಲಿ ಸುರ್ರೆಂದು ಎಳೆದು, ಉಗಿದು, ಅದರ ಗುಣ ಹೇಳುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷ ಮೂಗಿನಿಂದಲೇ ಅನ್ನ ಉಂಡವಳು. ಮೂಗೇ ಹೋದರೆ ನಾನು ಯಾರು? ಹೆದರಿ ಆಫೀಸಿನಲ್ಲಿ ಯಾರಿಗೂ ಹೇಳಲಿಲ್ಲ.

ಮರುದಿನ ಧೈರ್ಯ ಮಾಡಿ ಟೇಸ್ಟಿಂಗ್ ಟೇಬಲ್‌ಗೆ ಹೋದೆ. ನನ್ನ ಜೊತೆ ಸೀನಿಯರ್ ಟೇಸ್ಟರ್ ಶಿವಣ್ಣನವರು. ನಮ್ಮಲ್ಲಿ ಒಂದೇ ಕಪ್‌ಗೆ ಇಬ್ಬರ ಚಮಚವೂ ಇಳಿಯುತ್ತದೆ, ಚಮಚ ಅದ್ದಿ ತೊಳೆಯಲು ಒಂದೇ ಲೋಟದ ನೀರು. ಹಿಂದಿನಿಂದ ಬಂದ ಪದ್ಧತಿ, ಯಾರೂ ಪ್ರಶ್ನಿಸಿದವರಲ್ಲ. ಸುರ್ರೆಂದೆ. ಕಹಿ ಬಿಸಿನೀರು. ಎರಡನೆಯ ಕಪ್ಪೂ ಕಹಿ ಬಿಸಿನೀರು. ಸರಿ, ಶಿವಣ್ಣನವರ ಹುಬ್ಬು ನೋಡಿ ಬರೆಯತೊಡಗಿದೆ. ಹುಬ್ಬು ಏರಿದರೆ ಒಳ್ಳೆಯ ಕಾಫಿ, ಗಂಟಾದರೆ ಕೆಟ್ಟದ್ದು. ಅವರೂ ಅವತ್ತು ನನ್ನ ಮುಖವನ್ನೇ ನೋಡುತ್ತಿದ್ದರು. ನನ್ನ ಅನುಭವಕ್ಕೆ ಮರ್ಯಾದೆ ಕೊಡುತ್ತಿದ್ದಾರೆ ಎಂದುಕೊಂಡೆ.

ಐದನೆಯ ಕಪ್ ಬಣಕಲ್ ಕಡೆಯ ತೋಟದ್ದು. ಶಿವಣ್ಣನವರ ಹುಬ್ಬು ಸ್ವಲ್ಪ ಏರಿತು. ನಾನು "ಆಹಾ!" ಎಂದೆ. ಅವರು "ಹೂವಿನ ಪರಿಮಳ" ಎಂದರು. ನಾನು ಸುಮ್ಮನಿರಬೇಕಿತ್ತು. "ಕಿತ್ತಳೆ ಹೂ, ಸಾರ್" ಎಂದೆ.

ಕಪ್ ತೊಳೆಯುವ ಜಯಮ್ಮ ಬಾಗಿಲಲ್ಲೇ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಅಯ್ಯೋ, ಯಾರ ತೋಟದ್ದು ಮಾರಾಯ್ರೆ ಇದು? ಒದ್ದೆ ಕಂಬಳಿ ಮುಗ್ಗಲು ಹಿಡಿದಂಗೆ ನಾರ್ತಿದೆ!"

ನಾವಿಬ್ಬರೂ ಒಟ್ಟಿಗೇ ಚಮಚ ಕೆಳಗಿಟ್ಟೆವು.

"ಸಾರ್," ಎಂದೆ ಮೆಲ್ಲಗೆ, "ನಿಮಗೂನಾ?"

"ಎಂಟು ದಿನ ಆಯ್ತಮ್ಮ," ಎಂದರು ಶಿವಣ್ಣನವರು. "ನಿಮ್ಮ ಮುಖ ನೋಡ್ಕೊಂಡೇ ಕಾಲ ಹಾಕ್ತಿದ್ದೆ."

ಎಂಟು ದಿನ! ಅಂದರೆ ಶೀತ ಅವರ ಚಮಚದಿಂದಲೇ ನನಗೆ ದಾಟಿದೆ. ಸಿಟ್ಟು ನೆತ್ತಿಗೇರಿತು. ಹಿರಿಯರು ಎಂದು ತುಟಿ ಕಚ್ಚಿಕೊಂಡೆ, ಆದರೂ ತಡೆಯಲಾಗಲಿಲ್ಲ. "ಲೋಟ ಬೇರೆ ಇಟ್ಕೊಳ್ಳೋಕೆ ಏನು ಧಾಡಿ ಸಾರ್ ನಿಮಗೆ?" ಎಂದೇಬಿಟ್ಟೆ.

ವಿಷಯ ತಿಳಿದ ಮ್ಯಾನೇಜರ್ ಇಬ್ಬರನ್ನೂ ಕರೆದು, ಮೂಗು ಸರಿಹೋಗುವವರೆಗೆ ಚಮಚ ಮುಟ್ಟಬೇಡಿ ಎಂದರು. ಅಲ್ಲಿಯವರೆಗೆ ಜಯಮ್ಮ ಹೇಳಬೇಕು, ನಾವು ಬರೆದುಕೊಳ್ಳಬೇಕು.

ಇಎನ್‌ಟಿ ಡಾಕ್ಟರು ಮೂಗಿನೊಳಗೆ ಲೈಟು ಬಿಟ್ಟು ನೋಡಿದರು. "ವೈರಸ್ ಹೋಗಿದೆ. ಹೋಗುವಾಗ ವಾಸನೆಯ ನರಕ್ಕೆ ಪೆಟ್ಟು ಕೊಟ್ಟು ಹೋಗಿದೆ."

"ವಾಪಸ್ ಬರುತ್ತಾ ಡಾಕ್ಟ್ರೇ?"

"ಬರಬಹುದು. ತಿಂಗಳುಗಟ್ಟಲೆ ಬೇಕಾಗಬಹುದು. ಕೆಲವರಿಗೆ ಪೂರ್ತಿ ಬರೋದಿಲ್ಲ."

ಲವಂಗ, ನಿಂಬೆ, ಗುಲಾಬಿ, ನೀಲಗಿರಿ ಎಣ್ಣೆ. ದಿನಕ್ಕೆರಡು ಸಲ ಮೂಸಬೇಕು, ಮೂಗಿಗೆ ಮತ್ತೆ ವಾಸನೆ ಕಲಿಸುವ ಸ್ಮೆಲ್ ಟ್ರೈನಿಂಗ್ ಅಂತೆ. ನಮ್ಮ ಮನೆಯವರು ತಾವೇ ಪರೀಕ್ಷಕರಾದರು. ನನ್ನ ಕಣ್ಣಿಗೆ ಟವೆಲ್ ಕಟ್ಟಿ, ಮೂಗಿನ ಹತ್ತಿರ ಏನೋ ಹಿಡಿದು, "ಇದೇನು ಹೇಳು?" ಎನ್ನುವರು.

"ನಿಂಬೆ."

"ಅಲ್ಲ, ನನ್ನ ಸಾಕ್ಸ್!"

ಮೊದಲೆರಡು ದಿನ ನಾನೂ ನಕ್ಕೆ. ಮೂರನೆಯ ದಿನ ಅತ್ತುಬಿಟ್ಟೆ. ಒಂದು ಗುಟುಕಿನಲ್ಲಿ ಕಳಸದ ಕಾಫಿ ಯಾವುದು, ಮೂಡಿಗೆರೆಯದು ಯಾವುದು ಎಂದು ಹೇಳುತ್ತಿದ್ದವಳಿಗೆ ಗಂಡನ ಸಾಕ್ಸೂ ಸಿಗದಂತಾಯಿತಲ್ಲ ಎಂದು ದುಃಖ ಉಕ್ಕಿತು. ಅವರು ಗಾಬರಿಯಾಗಿ ಕಣ್ಣೊರೆಸಿಕೊಳ್ಳಲು ಕೈಯಲ್ಲಿದ್ದುದನ್ನೇ ಕೊಟ್ಟರು. ಅದೂ ಸಾಕ್ಸೇ.

ಮೂರು ವಾರದಲ್ಲಿ ಶಿವಣ್ಣನವರ ಮೂಗು ಬಂತು. ನನ್ನದು ಬರಲಿಲ್ಲ. ಟೇಬಲ್‌ನಲ್ಲಿ ನನ್ನ ಜಾಗಕ್ಕೆ ಜಯಮ್ಮನ ಕುರ್ಚಿ ಬಂತು. ಅವಳು "ಹುಳಿ ಮಜ್ಜಿಗೆ" ಎಂದರೆ ನಾನು ಫಾರಂನಲ್ಲಿ "ಫರ್ಮೆಂಟೆಡ್" ಎಂದು ತುಂಬಬೇಕು. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ಉರಿಯುತ್ತಿತ್ತು. ಅವಳು ಮಾತ್ರ ಪ್ರತಿದಿನ ಕೊನೆಯ ಕಪ್ ನನ್ನ ಮುಂದೆ ತಳ್ಳಿ, "ಒಂದ್ಸಲ ಮೂಸಿ ಮೇಡಂ" ಎನ್ನುತ್ತಿದ್ದಳು. ನಾನು ಮೂಸಿ, ಇಲ್ಲ ಎಂದು ತಲೆಯಾಡಿಸುತ್ತಿದ್ದೆ.

ಈಗಲೂ ನನ್ನದು ಅರ್ಧ ಮೂಗೇ. ಎಷ್ಟೋ ವಾಸನೆಗಳು ಇನ್ನೂ ಬಂದಿಲ್ಲ. ಆದರೆ ಐದನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಅವಳು ತಳ್ಳಿದ ಕಪ್ಪಿನ ಮೇಲೆ ಬಾಗಿದವಳು ಹಾಗೇ ನಿಂತೆ.

"ಏನೋ ಇದೆ ಜಯಮ್ಮ."

"ಏನು?"

"ಹೆಸರು ಸಿಗ್ತಿಲ್ಲ. ಎಲ್ಲೋ ದೂರದಲ್ಲಿದೆ. ಆದ್ರೆ ಇದೆ, ದೇವರಾಣೆ ಇದೆ!"

ಅವಳೂ ಮೂಸಿದಳು. "ಬೆಲ್ಲ," ಎಂದಳು.

ಹೌದು, ಬೆಲ್ಲ. ಕಾಯಿಸುವಾಗಿನ ಬೆಲ್ಲ. ನನ್ನ ಕಣ್ಣಿಂದ ನೀರು ಇಳಿಯತೊಡಗಿತು. ಜಯಮ್ಮ ಕಪ್ಪನ್ನು ಸರಕ್ಕನೆ ತನ್ನ ಕಡೆ ಎಳೆದುಕೊಂಡಳು.

"ಅಳೋದಾದ್ರೆ ಆ ಕಡೆ ತಿರುಗಿ ಅಳಿ ಮೇಡಂ. ಇದರೊಳಗೆ ಬಿದ್ರೆ ನಾನು ಉಪ್ಪು ಅಂತೀನಿ, ನೀವು ಅದನ್ನೂ ಬರ್ಕೋತೀರಿ."